ಹುಟ್ಟು ಮತ್ತು ಉಳಿವು: ಕನ್ನಡದ ಸ್ವತಂತ್ರ ಹಾಗೂ ಕಲ್ಟ್ ಸಿನಿಮಾಗಳ ಒಂದು ವಿವೇಚನೆ

ಕನ್ನಡ ಚಲನಚಿತ್ರಗಳನ್ನು ಕುರಿತ ಬರವಣಿಗೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಎರಡು ಪದಗಳು ಮೇಲಿಂದ ಮೇಲೆ ಬಳಕೆಯಾಗುತ್ತಿವೆ. ಒಂದು 'ಸ್ವತಂತ್ರ ಸಿನಿಮಾ', ಇನ್ನೊಂದು 'ಕಲ್ಟ್ ಸಿನಿಮಾ'. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಬೆಳೆದುಬಂದಿದೆ. ಮುಖ್ಯಧಾರೆಯ ಹೊರಗೆ ನಿಂತದ್ದೆಲ್ಲ ಸ್ವತಂತ್ರ, ಸ್ವತಂತ್ರವಾದದ್ದೆಲ್ಲ ಇಂದಲ್ಲ ನಾಳೆ ಕಲ್ಟ್ ಆಗುವಂಥದು ಎಂಬ ಭಾವನೆ ಈ ರೂಢಿಯ ಹಿಂದಿದೆ. ಆದರೆ ಈ ಎರಡು ಪದಗಳು ಸೂಚಿಸುವುದು ಒಂದೇ ಸಂಗತಿಯನ್ನಲ್ಲ. 'ಸ್ವತಂತ್ರ' ಎಂಬುದು ಚಿತ್ರವು ಹುಟ್ಟಿದ ಬಗೆಯನ್ನು ಹೇಳುತ್ತದೆ. ಹಣ ಯಾರದು, ನಿರ್ಧಾರ ಯಾರದು ಎಂಬ ಪ್ರಶ್ನೆಗಳಿಗೆ ಅದು ಉತ್ತರ. 'ಕಲ್ಟ್' ಎಂಬುದು ಚಿತ್ರವು ಹುಟ್ಟಿದ ಮೇಲೆ ಬದುಕಿದ ಬಗೆಯನ್ನು ಹೇಳುತ್ತದೆ. ಅದನ್ನು ಯಾರು, ಎಷ್ಟು ಸಲ, ಯಾವ ಭಾವದಿಂದ ನೋಡಿದರು ಎಂಬುದಕ್ಕೆ ಅದು ಉತ್ತರ. ಕನ್ನಡ ಸಿನಿಮಾ ವಿಮರ್ಶೆಯು ಹುಟ್ಟನ್ನು ಕುರಿತು ಸಾಕಷ್ಟು ಚಿಂತಿಸಿದೆ. ಉಳಿವನ್ನು ಕುರಿತು ಚಿಂತಿಸಿದ್ದು ಕಡಿಮೆ. ಇದರ ಫಲವಾಗಿ ನಾವು ಗೌರವಿಸುವ ಚಿತ್ರಗಳನ್ನು ಜನ ನೋಡಲಾರದ ಸ್ಥಿತಿಯೂ, ಜನ ನೋಡುವ ಚಿತ್ರಗಳನ್ನು ನಾವು ಓದಲಾರದ ಸ್ಥಿತಿಯೂ ಒಟ್ಟಿಗೇ ಉಂಟಾಗಿವೆ. ಸಿನಿಮಾವನ್ನು ಪ್ರೀತಿಯಿಂದ ನೋಡುತ್ತ ಬಂದ ಒಬ್ಬ ಪ್ರೇಕ್ಷಕನ ಮೆಚ್ಚುಗೆಯ ಕೆಲವು ಚಿತ್ರಗಳನ್ನು ಮುಂದಿಟ್ಟುಕೊಂಡು ಈ ಸ್ಥಿತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪರಿಭಾಷೆಯ ಪ್ರಶ್ನೆ

'ಕಲ್ಟ್' ಎಂಬ ಪದಕ್ಕೆ ಕನ್ನಡದಲ್ಲಿ ಒಪ್ಪಿತವಾದ ಸಮಾನಪದವಿಲ್ಲ. 'ಪಂಥ' ಎಂದರೆ ಮತಸಂಪ್ರದಾಯದ ಅರ್ಥ ಮುಂದಾಗುತ್ತದೆ. 'ಆರಾಧನೆ' ಎಂದರೆ ತಾರೆಯರ ಅಭಿಮಾನಿ ಬಳಗದ ನೆನಪಾಗುತ್ತದೆ. ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ಪೂಜೆ ಎಂಬ ಅರ್ಥದ ಜೊತೆಗೆ ಉಳುಮೆ, ಆರೈಕೆ ಎಂಬ ಅರ್ಥವೂ ಇದೆ. ಈ ಎರಡನೆಯ ಅರ್ಥವನ್ನು ನಾವು ಮರೆಯಬಾರದು. ಪೂಜಿಸುವವನು ಆರೈಕೆ ಮಾಡಲೇಬೇಕೆಂದಿಲ್ಲ. ಆರೈಕೆಯಿಲ್ಲದೆ ಮಾತ್ರ ಯಾವ ಕೃತಿಯೂ ಉಳಿಯಲಾರದು.

ಸಿನಿಮಾಕ್ಕೆ ಸಂಬಂಧಿಸಿದಂತೆ ಈ ಪದ ನೆಲೆಗೊಂಡದ್ದು ಅಮೆರಿಕದ ಮಧ್ಯರಾತ್ರಿಯ ಪ್ರದರ್ಶನಗಳಿಂದ. 1970ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರವು ಅಲೆಹಾಂದ್ರೊ ಹೊದೊರೋವ್‌ಸ್ಕಿಯ 'ಎಲ್ ತೋಪೊ' ಚಿತ್ರವನ್ನು ನಡುರಾತ್ರಿಯಲ್ಲಿ ತೋರಿಸಲಾರಂಭಿಸಿತು. 1975ರಲ್ಲಿ ತೆರೆಕಂಡಾಗ ಸೋತಿದ್ದ 'ದಿ ರಾಕಿ ಹಾರರ್ ಪಿಕ್ಚರ್ ಶೋ' 1976ರ ಏಪ್ರಿಲಿನಿಂದ ಅದೇ ನಗರದ ವೇವರ್ಲಿ ಚಿತ್ರಮಂದಿರದಲ್ಲಿ ನಡುರಾತ್ರಿಯ ಆಟವಾಗಿ ಮರುಹುಟ್ಟು ಪಡೆಯಿತು. ಪ್ರೇಕ್ಷಕರು ಪಾತ್ರಗಳ ವೇಷ ತೊಟ್ಟು ಬಂದು, ತೆರೆಯ ಮೇಲಿನ ಮಾತಿಗೆ ಮಾರುತ್ತರ ಕೊಡುವ ಪದ್ಧತಿ ಅಲ್ಲಿ ಬೆಳೆಯಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, 'ರಾಕಿ ಹಾರರ್' ಒಂದು ದೊಡ್ಡ ಸ್ಟುಡಿಯೋದ ಚಿತ್ರ. ಅದು ಸ್ವತಂತ್ರ ಚಿತ್ರವಲ್ಲ. ಡೇವಿಡ್ ಲಿಂಚ್ ಹಲವು ವರ್ಷಗಳ ಕಾಲ ಹಣಕ್ಕಾಗಿ ಪರದಾಡುತ್ತ ಮಾಡಿ ಮುಗಿಸಿದ 'ಇರೇಸರ್‌ಹೆಡ್' (1977) ಸ್ವತಂತ್ರವೂ ಹೌದು, ಕಲ್ಟ್ ಕೂಡ ಹೌದು. ಹುಟ್ಟು ಬೇರೆಯಾದರೂ ಉಳಿವಿನ ದಾರಿ ಒಂದೇ ಆಗಬಹುದೆಂಬುದಕ್ಕೆ ಇವು ನಿದರ್ಶನ.

ಕಲ್ಟ್ ಚಿತ್ರದ ಲಕ್ಷಣವನ್ನು ಕುರಿತು ಉಂಬೆರ್ತೊ ಎಕೊ 'ಕಾಸಾಬ್ಲಾಂಕಾ' ಚಿತ್ರದ ವಿಶ್ಲೇಷಣೆಯಲ್ಲಿ ಉಪಯುಕ್ತವಾದ ಒಂದು ವಿಚಾರವನ್ನು ಮಂಡಿಸಿದ್ದಾನೆ. ಅವನ ಪ್ರಕಾರ, ಬಿಡಿಬಿಡಿಯಾಗಿ ಕಳಚಬಹುದಾದ ಕೃತಿಯೇ ಕಲ್ಟ್ ಆಗಬಲ್ಲದು. ಇಡಿಯ ಚಿತ್ರದೊಡನೆ ಇದ್ದ ಸಂಬಂಧವನ್ನು ಲೆಕ್ಕಿಸದೆ, ಪ್ರೇಕ್ಷಕನು ಒಂದು ಮಾತನ್ನೋ ಒಂದು ಭಂಗಿಯನ್ನೋ ಹೊತ್ತುಕೊಂಡು ಹೋಗಿ ಬಳಸುವಂತಿರಬೇಕು. ಈ ವಿಚಾರವನ್ನು ಒಪ್ಪಿದರೆ ಒಂದು ತೊಡಕು ಎದುರಾಗುತ್ತದೆ. ಕನ್ನಡದ ಶ್ರೇಷ್ಠ ಸ್ವತಂತ್ರ ಚಿತ್ರಗಳು ಬಹುಮಟ್ಟಿಗೆ ಇಡಿಯಾಗಿ ನೋಡಬೇಕಾದವು. ಅವು ತುಂಡುಗಳಾಗಲು ಒಪ್ಪುವುದಿಲ್ಲ. ಹಾಗಾದರೆ ಅವು ಜನರ ನೆನಪಿನಲ್ಲಿ ಉಳಿಯುವ ಬಗೆ ಯಾವುದು? ಕನ್ನಡದ ನಿದರ್ಶನಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿಯೇ ನೋಡಬೇಕಾಗುತ್ತದೆ.

2. ಹೊಸ ಅಲೆ: ಇಡಿಯಾಗಿ ಬೇಡುವ ಚಿತ್ರಗಳು

ಕನ್ನಡದಲ್ಲಿ ಸ್ವತಂತ್ರ ಸಿನಿಮಾದ ಚರಿತ್ರೆ 'ಸಂಸ್ಕಾರ' (1970)ದಿಂದ ಆರಂಭವಾಗುತ್ತದೆ ಎನ್ನುವುದು ಸರ್ವವಿದಿತ. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಗಿರೀಶ ಕಾರ್ನಾಡರ ಚಿತ್ರಕಥೆ ಮತ್ತು ಅಭಿನಯ, ಆಸ್ಟ್ರೇಲಿಯಾದ ಟಾಮ್ ಕೋವನ್ ಅವರ ಛಾಯಾಗ್ರಹಣ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಇವರಲ್ಲಿ ಯಾರೂ ಆಗ ಮದರಾಸಿನ ಸ್ಟುಡಿಯೋ ವ್ಯವಸ್ಥೆಯನ್ನು ನೆಚ್ಚಿಕೊಂಡು ಕನ್ನಡ ಚಿತ್ರ ಮಾಡಲು ಹೊರಟವರಲ್ಲ. ಸೆನ್ಸಾರ್ ಮಂಡಳಿ ಮೊದಲು ಚಿತ್ರಕ್ಕೆ ತಡೆಯೊಡ್ಡಿತು. ಕೇಂದ್ರ ಸರ್ಕಾರದ ಮಟ್ಟದಲ್ಲಿ ಅದು ತೆರವಾಯಿತು. ಅನಂತರ ಚಿತ್ರಕ್ಕೆ ಸ್ವರ್ಣಕಮಲವೂ ಬಂದಿತು. ಹೀಗೆ ಸ್ವತಂತ್ರ ಚಿತ್ರವೊಂದನ್ನು ತಡೆದದ್ದೂ ಪ್ರಭುತ್ವ, ಮನ್ನಿಸಿದ್ದೂ ಪ್ರಭುತ್ವ. ಈ ವಿಚಿತ್ರ ಸಂಬಂಧ ಮುಂದೆ ಕನ್ನಡದ ಪರ್ಯಾಯ ಸಿನಿಮಾದ ಹಣೆಬರಹವೇ ಆಯಿತೆನ್ನಬಹುದು. 'ಸಂಸ್ಕಾರ', 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿ ಸಾಹೇಬ' (1997), 'ದ್ವೀಪ' (2001) ಈ ಆರು ಕನ್ನಡ ಚಿತ್ರಗಳು ಸ್ವರ್ಣಕಮಲ ಪಡೆದವು. ಇವುಗಳಲ್ಲಿ ನಾಲ್ಕು ಗಿರೀಶ ಕಾಸರವಳ್ಳಿಯವರವು. ಪ್ರಶಸ್ತಿಯ ಮೂಲಕವೇ ಈ ಚಿತ್ರಗಳು ಸುದ್ದಿಯಾದವು. ಪ್ರಶಸ್ತಿಯ ಪಟ್ಟಿಯಲ್ಲಿಯೇ ಅವು ಬಹುಮಟ್ಟಿಗೆ ನೆಲೆನಿಂತವು.

ಈ ಪರಂಪರೆಯಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಪರಿಪೂರ್ಣವಾದದ್ದು 'ಘಟಶ್ರಾದ್ಧ'. ವೇದಪಾಠಶಾಲೆಗೆ ಬರುವ ಬಾಲಕ ನಾಣಿ, ಪಾಠಶಾಲೆಯ ಉಡುಪರ ವಿಧವೆ ಮಗಳು ಯಮುನಾ, ಅವಳ ಗರ್ಭ, ಅದನ್ನು ನಿವಾರಿಸಿಕೊಳ್ಳುವ ಪ್ರಯತ್ನ, ಕೊನೆಗೆ ಬದುಕಿರುವವಳಿಗೇ ಶ್ರಾದ್ಧ ಮಾಡಿ ಸಮುದಾಯದಿಂದ ಹೊರಗಿಡುವ ಕ್ರಿಯೆ. ಕಥೆಯನ್ನು ಹೀಗೆ ಹೇಳಿದಾಗ ಅದು ಸಂಪ್ರದಾಯವಿರೋಧಿ ಚಿತ್ರವೆಂದು ಮಾತ್ರ ತೋರುತ್ತದೆ. ಬಹುಪಾಲು ವಿಮರ್ಶೆ ಅಲ್ಲಿಗೇ ನಿಂತಿದೆ. ಚಿತ್ರದ ಬಲವಿರುವುದು ನೋಟದ ನೆಲೆಯಲ್ಲಿ. ನಾಣಿ ಎಲ್ಲವನ್ನೂ ನೋಡುತ್ತಾನೆ; ಏನೂ ಅವನಿಗೆ ಪೂರ್ತಿ ತಿಳಿಯುವುದಿಲ್ಲ. ಪ್ರೇಕ್ಷಕನಿಗೆ ತಿಳಿಯುತ್ತದೆ; ಆದರೆ ಅವನು ಏನನ್ನೂ ಮಾಡಲಾರ. ಬಾಲಕನ ಅರಿಯದ ನಿಷ್ಠೆ ಮತ್ತು ಪ್ರೇಕ್ಷಕನ ಅರಿತ ನಿಸ್ಸಹಾಯಕತೆ ಇವೆರಡರ ನಡುವಿನ ಅಂತರದಲ್ಲಿ ಚಿತ್ರದ ನೋವು ಬೆಳೆಯುತ್ತ ಹೋಗುತ್ತದೆ. ತಂದೆಯೊಡನೆ ಊರು ಬಿಡುವ ನಾಣಿಗೆ, ತಲೆ ಬೋಳಿಸಿದ ಯಮುನಾ ಮರದ ಬುಡದಲ್ಲಿ ಒಬ್ಬಳೇ ಕುಳಿತಿರುವುದು ಕಾಣುವ ಕೊನೆಯ ದೃಶ್ಯವನ್ನು ಬಿಡಿಸಿ ತೋರಿಸಿದರೆ ಅದೊಂದು ಕರುಣಾಜನಕ ಚಿತ್ರಿಕೆ ಮಾತ್ರ. ಮೊದಲಿನಿಂದ ನೋಡಿ ಬಂದವನಿಗೆ ಅದು ತೀರ್ಪು. ಅದು ನೋಡುತ್ತ ಕುಳಿತ ನಮ್ಮ ಮೇಲೂ ಬೀಳುವ ತೀರ್ಪು. ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ, ಮೀನಾ ಕುಟ್ಟಪ್ಪನವರ ಮಿತವಾದ ಅಭಿನಯ ಇವೆಲ್ಲ ಈ ಒಂದು ಪರಿಣಾಮಕ್ಕೆ ದುಡಿಯುತ್ತವೆ. ಇಲ್ಲಿ ಕಳಚಿ ಒಯ್ಯಬಹುದಾದ ತುಂಡು ಇಲ್ಲ. ಇದು ಈ ಚಿತ್ರದ ಹಿರಿಮೆಯೂ ಹೌದು, ಜನಬಳಕೆಯಲ್ಲಿ ಅದು ಎದುರಿಸಿದ ಕಷ್ಟವೂ ಹೌದು.

ಇದಕ್ಕೆ ಪ್ರತಿಯಾಗಿ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಎರಡೂ ಬಗೆಯ ನೋಟಕ್ಕೆ ಒಗ್ಗುವ ಚಿತ್ರ. ಕುರೊಸಾವಾನ ಸಮುರಾಯ್ ಚಿತ್ರಗಳ ಪ್ರೇರಣೆಯಿಂದ ರೂಪುಗೊಂಡ ಈ ಕೃತಿಯಲ್ಲಿ ಶಂಕರ್ ನಾಗ್ ಮತ್ತು ಸುಂದರಕೃಷ್ಣ ಅರಸ್ ಇಬ್ಬರು ಬಾಡಿಗೆ ಯೋಧರಾಗಿ ಎದುರುಬದುರಾಗುತ್ತಾರೆ. ಕತ್ತಿವರಸೆಯ ದೃಶ್ಯಗಳನ್ನು ಬಿಡಿಯಾಗಿ ಸವಿಯಬಹುದು. ನಿಷ್ಠೆಯೆಂಬುದು ಕೂಲಿಗೆ ಸಿಕ್ಕುವ ಸರಕಾದಾಗ ಮನುಷ್ಯಸಂಬಂಧ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಇಡಿಯಾಗಿ ಗ್ರಹಿಸಬಹುದು. ಪರ್ಯಾಯ ಸಿನಿಮಾ ಎಂದರೆ ನಿಧಾನಗತಿ, ಮೌನ, ಅಗ್ರಹಾರ ಎಂದು ನಂಬಿದವರಿಗೆ ಈ ಚಿತ್ರ ಒಂದು ತಿದ್ದುಪಡಿ. ದುರ್ದೈವವೆಂದರೆ ಈ ದಾರಿಯಲ್ಲಿ ಮುಂದೆ ನಡೆದವರು ವಿರಳ.

ಇಲ್ಲಿಂದಲೇ ಹೊರಟ ಶಂಕರ್ ನಾಗ್ ಅವರ ಪ್ರಸಂಗ ಕಲ್ಟ್‌ನ ಸ್ವರೂಪವನ್ನು ಅರಿಯಲು ಸಹಾಯಕ. ಅವರು ನಿರ್ದೇಶಿಸಿದ 'ಮಿಂಚಿನ ಓಟ' (1980) ಮತ್ತು 'ಆಕ್ಸಿಡೆಂಟ್' (1985) ಕನ್ನಡದ ಗಂಭೀರ ಪ್ರಯೋಗಗಳ ಸಾಲಿಗೆ ಸೇರತಕ್ಕವು. ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸಿದ ಮಗನನ್ನು ರಾಜಕಾರಣಿ ತಂದೆ ಉಳಿಸಿಕೊಳ್ಳಲೆತ್ನಿಸುವ 'ಆಕ್ಸಿಡೆಂಟ್' ಕಥೆಯು ಇಂದಿಗೂ ತನ್ನ ಅರ್ಥವನ್ನು ಕಳೆದುಕೊಂಡಿಲ್ಲ. ಆದರೆ 1990ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡ ಮೇಲೆ ಜನರ ಪ್ರೀತಿ ಆಯ್ದುಕೊಂಡದ್ದು ಈ ಚಿತ್ರಗಳನ್ನಲ್ಲ. 'ಆಟೋರಾಜ' (1980)ದ ಚಾಲಕನ ಮುಖವನ್ನು ಅದು ಆಯ್ದುಕೊಂಡು ಆಟೋರಿಕ್ಷಾಗಳ ಮೇಲೆ ಅಂಟಿಸಿಕೊಂಡಿತು. ಆ ಪ್ರೀತಿ ಅಪ್ಪಟವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆರಾಧನೆಯು ವ್ಯಕ್ತಿಯ ಮೇಲೆ ನಿಂತಾಗ ಕೃತಿಗೆ ಆರೈಕೆ ತಾನಾಗಿಯೇ ದೊರೆಯುವುದಿಲ್ಲ ಎಂಬುದನ್ನೂ ಇದು ತೋರಿಸುತ್ತದೆ.

3. 'ಓಂ' ಮತ್ತು 'ಎ': ಪ್ರೇಕ್ಷಕರು ಕಟ್ಟಿದ ಪರಂಪರೆ

ಉದ್ಯಮದ ಒಳಗಿನಿಂದಲೇ ಹುಟ್ಟಿ ಕಲ್ಟ್ ಆದ ಚಿತ್ರಗಳಿಗೆ 'ಓಂ' (1995) ಮಾದರಿ. ನಿರ್ಮಾಣ ಪಾರ್ವತಮ್ಮ ರಾಜ್‌ಕುಮಾರ್ ಅವರದು, ನಾಯಕ ಶಿವರಾಜ್‌ಕುಮಾರ್, ಸಂಗೀತ ಹಂಸಲೇಖ. ಯಾವ ಲೆಕ್ಕದಲ್ಲೂ ಇದು ಸ್ವತಂತ್ರ ಚಿತ್ರವಲ್ಲ. ಆದರೂ ಪುರೋಹಿತರ ಮಗನೊಬ್ಬ ರೌಡಿಯಾಗುವ ಕಥೆಯನ್ನು ಉಪೇಂದ್ರ ನಿರೂಪಿಸಿದ ಬಗೆ, ಭೂಗತ ಲೋಕದ ನಿಜವಾದ ವ್ಯಕ್ತಿಗಳನ್ನೇ ತೆರೆಗೆ ತಂದ ಧೈರ್ಯ, ಬೆಂಗಳೂರಿನ ಬೀದಿಯ ಮಾತನ್ನು ಹಾಗೆಯೇ ಬಳಸಿದ ಸಂಭಾಷಣೆ ಅಂದಿನ ಉದ್ಯಮಕ್ಕೆ ಹೊಸವು. ಈ ಚಿತ್ರ ಐನೂರಕ್ಕೂ ಹೆಚ್ಚು ಬಾರಿ ಮರುಬಿಡುಗಡೆಯಾಗಿದೆ ಎಂದು ಚಿತ್ರೋದ್ಯಮದಲ್ಲಿ ಹೇಳಲಾಗುತ್ತದೆ. ದೂರದರ್ಶನದ ತೆರೆಗೆ ಅದು ಬಂದದ್ದು ಇಪ್ಪತ್ತು ವರ್ಷಗಳ ಬಳಿಕ, 2015ರಲ್ಲಿ. ಅಷ್ಟು ಕಾಲ ಅದನ್ನು ನೋಡಬೇಕೆಂದವರು ಚಿತ್ರಮಂದಿರಕ್ಕೇ ಹೋಗಬೇಕಾಗಿತ್ತು, ಅವರು ಹೋದರು. ಒಂದು ಚಿತ್ರವನ್ನು ಎರಡು ದಶಕಗಳ ಕಾಲ ಚಿತ್ರಮಂದಿರದಲ್ಲಿ ಜೀವಂತವಾಗಿಟ್ಟ ಈ ಪ್ರೇಕ್ಷಕವರ್ಗದ ಬಗ್ಗೆ ಕನ್ನಡದಲ್ಲಿ ನಡೆದಿರುವ ಅಧ್ಯಯನ ಅತ್ಯಲ್ಪ.

'ಓಂ'ನ ಮಿತಿಯನ್ನೂ ಹೇಳಬೇಕಾಗುತ್ತದೆ. ರೌಡಿಯ ಬದುಕು ಅವನನ್ನೂ ಅವನ ಮನೆಯನ್ನೂ ಸುಡುತ್ತದೆಂಬುದು ಚಿತ್ರದ ಇಡಿಯಾದ ಆಶಯ. ಆದರೆ ಪ್ರೇಕ್ಷಕನು ಹೊತ್ತೊಯ್ದ ತುಂಡುಗಳಲ್ಲಿ ಈ ಪಶ್ಚಾತ್ತಾಪ ಇರಲಿಲ್ಲ. ಅಲ್ಲಿ ಇದ್ದದ್ದು ಲಾಂಗು, ಗಡ್ಡ ಮತ್ತು ನಡಿಗೆ. ಅನಂತರದ ಕನ್ನಡ ಚಿತ್ರಗಳು ಈ ತುಂಡುಗಳನ್ನೇ ಬಂಡವಾಳ ಮಾಡಿಕೊಂಡವು. ಎಕೊ ಹೇಳುವ ಕಳಚುವಿಕೆಯು ಕೇವಲ ಸೌಂದರ್ಯಶಾಸ್ತ್ರದ ಸಂಗತಿಯಲ್ಲ, ನೈತಿಕ ಪರಿಣಾಮವೂ ಅದಕ್ಕಿದೆ ಎಂಬುದಕ್ಕೆ 'ಓಂ'ಗಿಂತ ಸ್ಪಷ್ಟವಾದ ನಿದರ್ಶನ ಕನ್ನಡದಲ್ಲಿ ಇಲ್ಲ.

ಉಪೇಂದ್ರ ಅವರು ನಾಯಕನಾಗಿಯೂ ಅಭಿನಯಿಸಿದ 'ಎ' (1998) ಇದಕ್ಕಿಂತ ಸಂಕೀರ್ಣವಾದ ಕೃತಿ. ಚಿತ್ರನಿರ್ದೇಶಕನೊಬ್ಬನ ಪತನವನ್ನು ಕಾಲಕ್ರಮವನ್ನು ಹಿಂದುಮುಂದಾಗಿಸಿ ಹೇಳುವ ಈ ಚಿತ್ರ, ಸಿನಿಮಾ ಉದ್ಯಮದ ಒಳಗಿನ ಶೋಷಣೆಯನ್ನು ಆ ಉದ್ಯಮದ ಭಾಷೆಯಲ್ಲಿಯೇ ಬಯಲಿಗೆಳೆಯಲು ಹೊರಟಿತು. ಪ್ರೇಕ್ಷಕರು ಕಥೆಯ ಕೊಂಡಿಗಳನ್ನು ಕೂಡಿಸಿಕೊಳ್ಳಲೆಂದೇ ಮತ್ತೆ ಮತ್ತೆ ನೋಡಿದರು. ಜನಪ್ರಿಯ ಸಿನಿಮಾದ ಪ್ರೇಕ್ಷಕನು ಸರಳ ನಿರೂಪಣೆಯನ್ನು ಮಾತ್ರ ಸಹಿಸಬಲ್ಲನೆಂಬ ನಂಬಿಕೆಯನ್ನು ಈ ಚಿತ್ರದ ಯಶಸ್ಸು ಅಲ್ಲಗಳೆಯಿತು. ಹೆಣ್ಣನ್ನು ಕುರಿತ ಅದರ ಧೋರಣೆ ಮಾತ್ರ ತೀವ್ರವಾದ ಆಕ್ಷೇಪಕ್ಕೆ ಅರ್ಹ. ಶೋಷಣೆಗೊಳಗಾದವಳ ಮೇಲೆಯೇ ನಾಯಕನ ಕೋಪ ಹರಿಯುವುದನ್ನು ಚಿತ್ರ ರಂಜನೆಯಾಗಿ ಬಳಸಿಕೊಳ್ಳುತ್ತದೆ. ಮುಂದೆ ಕಾರಣ ತಿಳಿದಾಗಲೂ ಆ ರಂಜನೆಯ ರುಚಿ ಅಳಿಯುವುದಿಲ್ಲ. 2024ರ ಮೇ ತಿಂಗಳಲ್ಲಿ ಈ ಚಿತ್ರ ಮರುಬಿಡುಗಡೆಯಾದಾಗ ಹೊಸ ತಲೆಮಾರಿನ ಪ್ರೇಕ್ಷಕರು ಅದನ್ನು ಚಿತ್ರಮಂದಿರದಲ್ಲಿ ಕಂಡರು. ರೂಪದ ಹೊಸತನವೂ ಧೋರಣೆಯ ಹಳತನವೂ ಒಂದೇ ಕೃತಿಯಲ್ಲಿ ಕೂಡಿರುವುದನ್ನು ಎದುರಿಸುವ ವಿಮರ್ಶೆ ಆ ಸಂದರ್ಭಕ್ಕೆ ಅಗತ್ಯವಾಗಿತ್ತು; ಇಂದಿಗೂ ಅಗತ್ಯವಾಗಿಯೇ ಇದೆ.

4. ಪ್ರೇಕ್ಷಕನೇ ನಿರ್ಮಾಪಕನಾದಾಗ

ಹುಟ್ಟು ಮತ್ತು ಉಳಿವುಗಳ ನಡುವಿನ ಅಂತರವನ್ನು ಕಡಿಮೆ ಮಾಡಿದ ಚಿತ್ರವೆಂದರೆ ಪವನ್ ಕುಮಾರ್ ಅವರ 'ಲೂಸಿಯಾ' (2013). ಸುಮಾರು 110 ಮಂದಿ ಹಣ ತೊಡಗಿಸಿ, 27 ದಿನಗಳಲ್ಲಿ ಸುಮಾರು 50 ಲಕ್ಷ ರೂಪಾಯಿ ಕೂಡಿತು. ಇದನ್ನು ಹೊಸ ತಂತ್ರಜ್ಞಾನದ ಪವಾಡವೆಂದು ಬಣ್ಣಿಸಲಾಯಿತು. ಆದರೆ ಇದಕ್ಕೆ ಪೂರ್ವಪರಂಪರೆ ಇದೆ. ಅಮೆರಿಕದ ಜಾನ್ ಕ್ಯಾಸವೆಟ್ಸ್ ತನ್ನ 'ಶ್ಯಾಡೋಸ್' (1959) ಚಿತ್ರಕ್ಕೆ ಬೇಕಾದ ಹಣದ ಒಂದು ಭಾಗವನ್ನು ರೇಡಿಯೊ ಕೇಳುಗರಿಂದ ಪಡೆದಿದ್ದ. ಶ್ಯಾಮ್ ಬೆನೆಗಲ್ ಅವರ 'ಮಂಥನ್' (1976) ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟಿದ್ದರು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಬಳಗದವರು ಜನರಿಂದ ಹಣ ಕೂಡಿಸಿ 'ಅಮ್ಮ ಅರಿಯಾನ್' (1986) ಚಿತ್ರವನ್ನು ಮಾಡಿದರು. 'ಲೂಸಿಯಾ' ಈ ಸಾಲಿನಲ್ಲಿ ಬರುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಜನರನ್ನು ಕೂಡಿಸಿದ್ದು ಸಹಕಾರ ಚಳವಳಿ ಅಥವಾ ರಾಜಕೀಯ ನಿಲುವು, ಇಲ್ಲಿ ಕೂಡಿಸಿದ್ದು ಒಳ್ಳೆಯ ಕನ್ನಡ ಚಿತ್ರವೊಂದನ್ನು ನೋಡಬೇಕೆಂಬ ಆಸೆ.

ಹಣದ ಕಥೆಯ ಗದ್ದಲದಲ್ಲಿ ಚಿತ್ರದ ಒಳಗಿನ ವಸ್ತು ಮರೆಯಾಯಿತೆಂಬುದು ನನ್ನ ಅನಿಸಿಕೆ. ನಾಯಕ ನಿಕ್ಕಿ ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚ್ ಹಿಡಿದು ಆಸನ ತೋರಿಸುವವನು. ನಿದ್ರೆ ಬಾರದ ಅವನು ಒಂದು ಮಾತ್ರೆಯ ಬಲದಿಂದ ತಾನು ಚಿತ್ರತಾರೆಯಾದ ಕನಸನ್ನು ಕಾಣುತ್ತಾನೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಯಾವುದು ಕನಸು, ಯಾವುದು ಎಚ್ಚರ ಎಂಬುದು ಕೊನೆಯಲ್ಲಿ ತಿರುವುಮುರುವಾಗುತ್ತದೆ. ತಾರೆಯು ಸಾಮಾನ್ಯನ ಬದುಕನ್ನು ಕನಸು ಕಾಣುತ್ತಾನೆ. ಆ ಕನಸಿಗೇ ಬಣ್ಣವಿದೆ. ಈ ತಿರುವನ್ನು ಕಂಡವರು ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ. ಇಡಿಯಾಗಿ ನೋಡುವಂತೆ ಮಾಡುವ ಜಾಣತನ ಇಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಕನ್ನಡ ಚಿತ್ರಗಳನ್ನೇ ನಂಬಿಕೊಂಡ ಶಂಕರಣ್ಣನ ಚಿತ್ರಮಂದಿರ ಅಪಾಯದಲ್ಲಿರುವ ಸಂಗತಿ ಚಿತ್ರದ ಹೃದಯಭಾಗದಲ್ಲಿದೆ. ಬೆಂಗಳೂರಿನ ಒಂಟಿ ತೆರೆಯ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲದಲ್ಲಿ ಬಂದ ಈ ಚಿತ್ರ, ನೋಡುವ ತಾಣವೇ ಇಲ್ಲವಾದರೆ ನೋಡುವವನು ಎಲ್ಲಿ ಉಳಿಯುತ್ತಾನೆ ಎಂದು ಕೇಳುತ್ತದೆ.

ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ಉದ್ಯಮದ ಅಂಚಿನಲ್ಲಿ ನಿಂತು ಮಾಡಿದ ಚಿತ್ರ. ಬಿಡುಗಡೆಯ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಅದು ದೊಡ್ಡ ಗೆಲುವನ್ನು ಕಾಣಲಿಲ್ಲ. ಅನಂತರದ ವರ್ಷಗಳಲ್ಲಿ ಅದರ ಪ್ರೇಕ್ಷಕವರ್ಗ ಬೆಳೆಯುತ್ತ ಹೋಯಿತು. ಕಲ್ಟ್ ಎಂಬ ಪದಕ್ಕೆ ಇದು ನ್ಯಾಯವಾಗಿ ಸಲ್ಲುತ್ತದೆ. ಮಲ್ಪೆಯ ಕಡಲತೀರ, ಅಷ್ಟಮಿಯ ಹಬ್ಬ, ಹುಲಿವೇಷ ಇವುಗಳ ಹಿನ್ನೆಲೆಯಲ್ಲಿ ಒಂದು ಘಟನೆಯನ್ನು ಹಲವರ ನೋಟದಿಂದ ಹೇಳುವ ಈ ಕೃತಿಯನ್ನು ಕುರೊಸಾವಾನ 'ರಾಶೊಮಾನ್' (1950)ಗೆ ಹೋಲಿಸುವುದು ವಾಡಿಕೆ. ಹೋಲಿಕೆ ಪೂರ್ತಿ ಸರಿಯಲ್ಲ. 'ರಾಶೊಮಾನ್'ನಲ್ಲಿ ಒಬ್ಬರ ಹೇಳಿಕೆ ಇನ್ನೊಬ್ಬರದನ್ನು ಸುಳ್ಳಾಗಿಸುತ್ತದೆ, ಸತ್ಯವೆಂಬುದೇ ಕೈಗೆಟುಕದು. ಇಲ್ಲಿ ಹೇಳಿಕೆಗಳು ಬಹುಮಟ್ಟಿಗೆ ಒಂದನ್ನೊಂದು ತುಂಬಿಕೊಡುತ್ತವೆ. ಒಬ್ಬರಿಗೆ ಪುಂಡನಾಗಿ ಕಂಡ ರಿಚ್ಚಿ ಮತ್ತೊಬ್ಬರಿಗೆ ಬಾಲ್ಯದ ಗಾಯವನ್ನು ಹೊತ್ತವನಾಗಿ ಕಾಣುತ್ತಾನೆ; ಮುಂಬಯಿಯಿಂದ ಮರಳಿದ ರಾಘುವಿನ ಕಥೆ ತಾಯಿ ರತ್ನಕ್ಕನ ಕಾಯುವಿಕೆಯಲ್ಲಿ ಮತ್ತೊಂದು ಅರ್ಥ ಪಡೆಯುತ್ತದೆ. ಚಿತ್ರದ ಕಾಳಜಿ ಸತ್ಯದ ಅನಿಶ್ಚಿತತೆಗಿಂತ ಹೆಚ್ಚಾಗಿ, ಒಂದು ಊರು ತನ್ನವರನ್ನು ನೆನಪಿಟ್ಟುಕೊಳ್ಳುವ ಬಗೆಯನ್ನು ಕುರಿತದ್ದು. ಚಿತ್ರೀಕರಣದ ಸ್ಥಳದಲ್ಲಿಯೇ ಧ್ವನಿಯನ್ನು ಮುದ್ರಿಸಿಕೊಂಡದ್ದರಿಂದ ಕರಾವಳಿಯ ಕನ್ನಡ ತನ್ನ ಏರಿಳಿತಗಳೊಡನೆ ತೆರೆಗೆ ಬಂದಿತು. ಮುಖ್ಯಧಾರೆಯಲ್ಲಿ ಹಾಸ್ಯಕ್ಕೆ ಮೀಸಲಾಗಿದ್ದ ಆ ನುಡಿ ಇಲ್ಲಿ ಶೋಕವನ್ನೂ ಹೊರಬಲ್ಲದಾಯಿತು. ಇಲ್ಲಿಯೂ ಪ್ರೇಕ್ಷಕರು ಹೊತ್ತೊಯ್ದದ್ದು ರಿಚ್ಚಿಯ ಭಂಗಿಯನ್ನು ಎನ್ನುವುದು ನಿಜ. ಆದರೆ ಆ ಭಂಗಿಯ ಆಕರ್ಷಣೆಗೆ ಬಂದವರು ಮತ್ತೆ ನೋಡಿದಾಗ ರತ್ನಕ್ಕನನ್ನೂ ಕಂಡರು. ಕಲ್ಟ್ ಬಾಗಿಲಾಗಿ ಕೆಲಸ ಮಾಡಬಲ್ಲದೆಂಬುದು ಈ ಚಿತ್ರದಿಂದ ದೊರೆಯುವ ಪಾಠ.

5. 'ತಿಥಿ': ಇಡಿಯೂ ಬಿಡಿಯೂ

ರಾಮ್ ರೆಡ್ಡಿಯವರ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೌರವ ಪಡೆದು, 2016ರಲ್ಲಿ ಕರ್ನಾಟಕದಲ್ಲಿ ತೆರೆಕಂಡಿತು. ಮಂಡ್ಯ ಸೀಮೆಯ ನೊದೆಕೊಪ್ಪಲಿನ ಸುತ್ತಮುತ್ತ, ಅಲ್ಲಿನ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು, ಅದೇ ಪರಿಸರವನ್ನು ಬಲ್ಲ ಈರೇಗೌಡರ ಬರವಣಿಗೆಯ ಬಲದಿಂದ ರೂಪುಗೊಂಡ ಚಿತ್ರವಿದು. ದಾರಿಹೋಕರನ್ನು ಬಯ್ಯುತ್ತ ಕುಳಿತಿದ್ದ ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಅವನ ತಿಥಿಯವರೆಗಿನ ದಿನಗಳಲ್ಲಿ ಮಗ ಗಡ್ಡಪ್ಪ, ಮೊಮ್ಮಗ ತಮ್ಮಣ್ಣ, ಮರಿಮಗ ಅಭಿ ಈ ಮೂರು ತಲೆಮಾರುಗಳ ಬಯಕೆಗಳು ಒಂದಕ್ಕೊಂದು ಎದುರಾಗುತ್ತವೆ. ತಮ್ಮಣ್ಣನಿಗೆ ಜಮೀನು ಮಾರಬೇಕು; ಗಡ್ಡಪ್ಪನಿಗೆ ಜಮೀನೂ ಬೇಡ, ಸಹಿಯೂ ಬೇಡ. ಆದಕಾರಣ ಮಗನು ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸುತ್ತಾನೆ. 'ಘಟಶ್ರಾದ್ಧ'ದಲ್ಲಿ ಬದುಕಿರುವವಳಿಗೆ ಶ್ರಾದ್ಧ ಮಾಡಿದ್ದು ಸಂಪ್ರದಾಯ. 'ತಿಥಿ'ಯಲ್ಲಿ ಬದುಕಿರುವವನಿಗೆ ಮರಣಪತ್ರ ಬರೆಯಿಸುವುದು ಜಮೀನಿನ ಬೆಲೆ. ಸುಮಾರು ನಾಲ್ಕು ದಶಕಗಳ ಅಂತರದ ಈ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿದಾಗ ಕರ್ನಾಟಕದ ಗ್ರಾಮಜೀವನದ ಅಧಿಕಾರ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂಬುದು ಮನವರಿಕೆಯಾಗುತ್ತದೆ.

'ತಿಥಿ'ಯನ್ನು ಜನ ನಕ್ಕು ನೋಡಿದರು. ಗಡ್ಡಪ್ಪ ಮತ್ತು ಸೆಂಚುರಿಗೌಡ ಮನೆಮಾತಾದರು. ಆ ಪಾತ್ರಗಳನ್ನು ನಿರ್ವಹಿಸಿದ ಹಿರಿಯರು ವಾಣಿಜ್ಯ ಚಿತ್ರಗಳಲ್ಲಿಯೂ ಅದೇ ಚಹರೆಯಲ್ಲಿ ಕಾಣಿಸಿಕೊಂಡರು. ಇಲ್ಲಿಯೇ ಒಂದು ನಷ್ಟವೂ ಸಂಭವಿಸಿತು. ಕುರಿಗಾರರ ನಡುವೆ, ರಾತ್ರಿ ಬೆಂಕಿಯ ಮುಂದೆ ಕುಳಿತು ಗಡ್ಡಪ್ಪ ತನ್ನ ಹೆಂಡತಿಗೂ ತಂದೆಗೂ ಸಂಬಂಧಿಸಿದ ಹಳೆಯ ನೋವನ್ನು ಹೇಳುವ ದೃಶ್ಯ ಚಿತ್ರದ ತಿರುಳು. ಅವನ ಅಲೆದಾಟ ಸೋಮಾರಿತನವೂ ಅಲ್ಲ, ವೈರಾಗ್ಯದ ಸೋಗೂ ಅಲ್ಲ. ಆಸ್ತಿ ಮತ್ತು ಮನೆತನವೆಂಬುದರಿಂದ ಅವನು ಏಕೆ ಹೊರಬಂದನೆಂಬುದು ಆಗ ತಿಳಿಯುತ್ತದೆ. ಹಾಸ್ಯದ ತುಂಡುಗಳಾಗಿ ಗಡ್ಡಪ್ಪನನ್ನು ಹೊತ್ತೊಯ್ದವರು ಈ ಬೆಂಕಿಯನ್ನು ಹಿಂದೆಯೇ ಬಿಟ್ಟುಹೋದರು. ಇಡಿಯಾಗಿಯೂ ಬಿಡಿಯಾಗಿಯೂ ಬದುಕಬಲ್ಲ ಚಿತ್ರಕ್ಕೆ ವಿಮರ್ಶೆಯ ಕೆಲಸ ಇನ್ನೂ ಹೆಚ್ಚು. ಬಿಡಿಯನ್ನು ಪ್ರೀತಿಸಿದವನನ್ನು ಹೀಗಳೆಯದೆ, ಇಡಿಯ ಕಡೆಗೆ ಅವನನ್ನು ಕರೆತರುವ ಕೆಲಸ ಅದರದು.

6. ಉಳಿವಿನ ಪ್ರಶ್ನೆ

ಮೇಲಿನ ವಿವೇಚನೆಯೆಲ್ಲವೂ ಒಂದು ನಂಬಿಕೆಯ ಮೇಲೆ ನಿಂತಿದೆ: ಚಿತ್ರಗಳು ನೋಡಲು ದೊರೆಯುತ್ತವೆ ಎಂಬ ನಂಬಿಕೆ. ಕನ್ನಡದಲ್ಲಿ ಈ ನಂಬಿಕೆಗೆ ಆಧಾರ ದುರ್ಬಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿಯೇ ಇಂದು ಉಳಿದಿಲ್ಲ. ಸೆಲ್ಯುಲಾಯ್ಡ್ ಪ್ರತಿಗಳು ಬಿಸಿ ಮತ್ತು ತೇವದಲ್ಲಿ ಹಾಳಾಗುತ್ತವೆ. ಅಸಿಟೇಟ್ ಫಿಲ್ಮು ಹುಳಿವಾಸನೆ ಬೀರುತ್ತ, ಕುಗ್ಗುತ್ತ, ಕೊನೆಗೆ ಯಂತ್ರಕ್ಕೆ ಹೊಂದದಂತಾಗುತ್ತದೆ. 'ಘಟಶ್ರಾದ್ಧ'ವು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್‌ನ ಪ್ರಯತ್ನದಿಂದ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶಿತವಾದದ್ದು ಹೆಮ್ಮೆಯ ಸಂಗತಿ. ಅದೇ ತಲೆಮಾರಿನ ಉಳಿದ ಚಿತ್ರಗಳಲ್ಲಿ ಎಷ್ಟೋ ಇಂದು ದೊರೆಯುವುದು ಮಸುಕಾದ ವಿಡಿಯೊ ಪ್ರತಿಗಳಲ್ಲಿ. ಅಂಥ ಪ್ರತಿಯನ್ನು ನೋಡಿ ಛಾಯಾಗ್ರಹಣದ ಬಗ್ಗೆ ಬರೆಯುವ ಸಂಶೋಧಕನು, ಅಕ್ಷರ ಅಳಿಸಿದ ತಾಳೆಗರಿಯಿಂದ ಛಂದಸ್ಸನ್ನು ನಿರ್ಣಯಿಸುವವನಂತೆ.

ಡಿಜಿಟಲ್ ಚಿತ್ರಗಳಿಗೆ ಈ ಅಪಾಯವಿಲ್ಲವೆಂಬುದು ಭ್ರಮೆ. 'ಲೂಸಿಯಾ'ದಂಥ ಚಿತ್ರಕ್ಕೆ ನೆಗೆಟಿವ್ ಎಂಬುದೇ ಇಲ್ಲ; ಕಡತಗಳು ಹಾರ್ಡ್ ಡಿಸ್ಕ್‌ಗಳಲ್ಲಿರುತ್ತವೆ, ಅವನ್ನು ಕಾಲಕಾಲಕ್ಕೆ ಹೊಸ ಸಾಧನಗಳಿಗೆ ವರ್ಗಾಯಿಸದಿದ್ದರೆ ಓದಲಾಗದಂತಾಗುತ್ತವೆ. ಅಂತರಜಾಲದ ಚಿತ್ರವೇದಿಕೆಗಳು ಒಪ್ಪಂದ ಮುಗಿದಾಗ ಚಿತ್ರವನ್ನು ತೆಗೆದುಹಾಕುತ್ತವೆ. ದೊಡ್ಡ ಸಂಸ್ಥೆಯ ಬೆಂಬಲವಿಲ್ಲದ ಸ್ವತಂತ್ರ ಚಿತ್ರಕ್ಕೆ ಈ ಅಪಾಯ ಹೆಚ್ಚು. ಹುಟ್ಟಿನಲ್ಲಿ ಅದಕ್ಕೆ ಬಲ ತಂದ ಸ್ವಾತಂತ್ರ್ಯವೇ ಉಳಿವಿನಲ್ಲಿ ಅನಾಥತ್ವವಾಗಿ ಪರಿಣಮಿಸುತ್ತದೆ.

ಇದಕ್ಕೆ ಪರಿಹಾರದ ಸುಳಿವು ನಮ್ಮ ಚರಿತ್ರೆಯಲ್ಲಿಯೇ ಇದೆ. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸುಚಿತ್ರಾ ಫಿಲ್ಮ್ ಸೊಸೈಟಿ ಮತ್ತು 1973ರಲ್ಲಿ ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಹೆಗ್ಗೋಡಿನಲ್ಲಿ ರೂಪುಗೊಂಡ ನೀನಾಸಂ ಚಿತ್ರಸಮಾಜ ಇವೆರಡೂ ನೋಡುವುದನ್ನು ಒಂದು ಸಾಮುದಾಯಿಕ ಅಭ್ಯಾಸವಾಗಿ ಬೆಳೆಸಿದವು. ಮಲೆನಾಡಿನ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿ, ಅವುಗಳ ಬಗ್ಗೆ ಕನ್ನಡದಲ್ಲಿ ಮಾತನಾಡಲು ಸಾಧ್ಯವೆಂಬುದನ್ನು ನೀನಾಸಂ ಸಾಧಿಸಿ ತೋರಿಸಿತು. ಮತ್ತೆಮತ್ತೆ ನೋಡುವ ಅಭಿಮಾನಿಯ ಪ್ರೀತಿ ಮತ್ತು ಇಡಿಯಾಗಿ ನೋಡುವ ಚಿತ್ರಸಮಾಜದ ಶಿಸ್ತು ಇವೆರಡೂ ಕೂಡಿದ ಕಡೆ ಕಲ್ಟ್ ಎಂಬ ಪದದ ಎರಡನೆಯ ಅರ್ಥವಾದ ಆರೈಕೆ ನಿಜವಾಗುತ್ತದೆ. 2023ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ 'ಡೇರ್‌ಡೆವಿಲ್ ಮುಸ್ತಾಫಾ' ಚಿತ್ರಕ್ಕೆ ಅವರ ಓದುಗರೇ ಸುಮಾರು ನೂರು ಮಂದಿ ಹಣ ಹೂಡಿದ್ದು ಈ ಸಾಧ್ಯತೆ ಇನ್ನೂ ಬತ್ತಿಲ್ಲವೆಂಬುದಕ್ಕೆ ಸಾಕ್ಷಿ. ಓದುಗರ ಸಮುದಾಯವೊಂದು ಚಿತ್ರವನ್ನು ಹುಟ್ಟಿಸಬಲ್ಲುದಾದರೆ, ಪ್ರೇಕ್ಷಕರ ಸಮುದಾಯವೊಂದು ಚಿತ್ರವನ್ನು ಉಳಿಸಲೂ ಬಲ್ಲುದು.

ಈ ದಿಸೆಯಲ್ಲಿ ಮೂರು ಕೆಲಸಗಳು ತುರ್ತಾಗಿ ಆಗಬೇಕಾಗಿವೆ. ಮೊದಲನೆಯದು, ಪ್ರತಿಯೊಂದು ಕನ್ನಡ ಚಿತ್ರದ ನೆಗೆಟಿವ್, ಪ್ರತಿ ಅಥವಾ ಕಡತ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಹಕ್ಕು ಯಾರದು ಎಂಬುದರ ಸೂಚಿಯೊಂದು ಸಿದ್ಧವಾಗಬೇಕು. ಹಸ್ತಪ್ರತಿಗಳಿಗೆ ವರ್ಣನಾತ್ಮಕ ಸೂಚಿಗಳನ್ನು ರಚಿಸಿದ ವಿದ್ವತ್ ಪರಂಪರೆ ಇರುವ ನಾಡಿಗೆ ಇದು ಅಸಾಧ್ಯವಲ್ಲ. ಎರಡನೆಯದು, ಸಹಾಯಧನ ಪಡೆದ ಪ್ರತಿಯೊಂದು ಚಿತ್ರದ ಉತ್ತಮ ಗುಣಮಟ್ಟದ ಪ್ರತಿಯೊಂದು ಸಂಶೋಧಕರಿಗೆ ದೊರೆಯುವಂತೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಇರಬೇಕು. ಮೂರನೆಯದು, ಭಿತ್ತಿಪತ್ರ, ಹಾಡಿನ ಪುಸ್ತಕ, ಮರುಬಿಡುಗಡೆಯ ದಾಖಲೆ, ಪ್ರೇಕ್ಷಕರ ಮೌಖಿಕ ನೆನಪುಗಳು ಇವುಗಳನ್ನೂ ಆಕರಗಳೆಂದು ಮನ್ನಿಸಿ ಸಂಗ್ರಹಿಸಬೇಕು. 'ಓಂ' ಚಿತ್ರವನ್ನು ಹತ್ತಾರು ಬಾರಿ ನೋಡಿದವನ ನೆನಪು ಚಿತ್ರಚರಿತ್ರೆಯ ಭಾಗವಲ್ಲವೆನ್ನಲು ಯಾವ ಕಾರಣವೂ ಇಲ್ಲ.

ಒಟ್ಟಿನಲ್ಲಿ, ಸ್ವತಂತ್ರ ಚಿತ್ರಗಳನ್ನು ಪ್ರಶಸ್ತಿಯಿಂದ, ಕಲ್ಟ್ ಚಿತ್ರಗಳನ್ನು ಗದ್ದಲದಿಂದ ಅಳೆಯುವುದನ್ನು ಬಿಟ್ಟು, ಎರಡನ್ನೂ ಅವುಗಳ ಉಳಿವಿನ ಬಗೆಯಿಂದ ಅಳೆಯುವ ವಿಮರ್ಶೆ ನಮಗೆ ಬೇಕಾಗಿದೆ. ಯಮುನಾ ಮರದ ಬುಡದಲ್ಲಿ ಕುಳಿತಿರುವುದನ್ನೂ ಗಡ್ಡಪ್ಪ ಬೆಂಕಿಯ ಮುಂದೆ ಮಾತನಾಡುವುದನ್ನೂ ಮುಂದಿನ ತಲೆಮಾರಿನ ಒಬ್ಬ ವಿದ್ಯಾರ್ಥಿ ಸ್ವಚ್ಛವಾದ ತೆರೆಯ ಮೇಲೆ, ಮೊದಲಿನಿಂದ ಕೊನೆಯವರೆಗೆ ನೋಡುವಂತಾದರೆ ಆ ವಿಮರ್ಶೆಯ ಕೆಲಸ ಆರಂಭವಾಯಿತೆಂದು ತಿಳಿಯಬಹುದು.